ಹಠಮಾರಿ ಟೈರಿಗೆ ಬಳೆಗಾರನ ಪಾಠ

ಜಾತ್ರೆಯಲ್ಲಿ ಬಳೆ ತೊಡಿಸುವವರ ಕೈಚಳಕವನ್ನು ಗಮನಿಸಿದ್ದೀರಾ? ಗಾಜಿನ ಬಳೆ ಹಿಗ್ಗುವುದಿಲ್ಲ, ಜೋರು ಮಾಡಿದರೆ ಒಡೆಯುತ್ತದೆ. ಕೈಯ ಗೆಣ್ಣುಗಳೋ ಬಳೆಗಿಂತ ಅಗಲ. ಆದರೂ ಬಳೆಗಾರ ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಗೆಣ್ಣುಗಳನ್ನು ಮೆಲ್ಲಗೆ ಅದುಮಿ, ಬೇಕಾದರೆ ತುಸು ಸೋಪು ಸವರಿ ಬಳೆಯನ್ನು ಏರಿಸಿಬಿಡುತ್ತಾನೆ. ಮೋಟಾರ್ ಸೈಕಲ್ಲಿನ ಟೈರು ಬಿಚ್ಚುವ ವಿದ್ಯೆಯೂ ಇಷ್ಟೇ.

ವರ್ಷಗಟ್ಟಲೆ ಬಿಚ್ಚದ ಟೈರು ತುಕ್ಕು, ಕೆಸರು, ಬಿಸಿಲಿನಿಂದಾಗಿ ರಿಮ್ಮಿಗೆ ಅಂಟಿಕೊಂಡಿರುತ್ತದೆ. ಪಂಕ್ಚರ್ ಅಂಗಡಿ ದೂರವಿದ್ದರೆ ಮನೆಯವರೇ ಹಾರೆ, ಸುತ್ತಿಗೆ, ಸ್ಕ್ರೂಡ್ರೈವರ್ ಹಿಡಿದು ನಿಲ್ಲುತ್ತಾರೆ. ಕೊನೆಗೆ ಟ್ಯೂಬು ಹರಿಯುತ್ತದೆ, ರಿಮ್ಮು ತಗ್ಗುತ್ತದೆ, ಜಾರಿದ ಕಬ್ಬಿಣ ಮುಖಕ್ಕೆ ಬಡಿಯುವುದೂ ಉಂಟು. ಇಲ್ಲಿ ಕೊರತೆ ಶಕ್ತಿಯದಲ್ಲ, ಟೈರು ಹೇಗೆ ಕೂತಿದೆಯೆಂಬ ತಿಳಿವಳಿಕೆಯದು.

ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದದ್ದು 1888ರಲ್ಲಿ. ಅದನ್ನು ಬಿಚ್ಚಿ ಜೋಡಿಸುವುದು ದೊಡ್ಡ ರಗಳೆಯಾಗಿತ್ತು. 1890ರಲ್ಲಿ ಇಂಗ್ಲೆಂಡಿನ ವೆಲ್ಚ್ ಎಂಬವರು ಒಂದು ಉಪಾಯ ಹೂಡಿದರು. ಟೈರಿನ ಎರಡೂ ಅಂಚುಗಳಲ್ಲಿ ಹಿಗ್ಗದ ತಂತಿಯ ಬಳೆ, ರಿಮ್ಮಿನ ನಡುವೆ ಸುತ್ತಲೂ ಒಂದು ತಗ್ಗು. ಇಂದಿನ ಟೈರು ಕೂರುವುದೂ ಇದೇ ತತ್ತ್ವದ ಮೇಲೆ. ತಂತಿಯಿರುವ ಆ ಅಂಚಿಗೆ ಬೀಡ್ ಎನ್ನುತ್ತಾರೆ.

18 ಇಂಚಿನ ಚಕ್ರವೆಂದರೆ ಬೀಡ್ ಕೂರುವ ಜಾಗದ ವ್ಯಾಸ ಸುಮಾರು 46 ಸೆಂಟಿಮೀಟರ್. ರಿಮ್ಮಿನ ಅಂಚು ಅದಕ್ಕಿಂತ ಒಂದೂವರೆ ಸೆಂಟಿಮೀಟರಿನಷ್ಟು ಎತ್ತರ. ಹಿಗ್ಗದ ಬಳೆ ಈ ಎತ್ತರ ದಾಟುವುದೆಂತು? ಬಳೆಯ ಒಂದು ಬದಿಯನ್ನು ನಡುವಿನ ತಗ್ಗಿಗೆ ಇಳಿಸಿದರೆ ಎದುರು ಬದಿಯಲ್ಲಿ ಅಷ್ಟೇ ಸಡಿಲ ಸಿಗುತ್ತದೆ. ಮಡಿಸಿದ ಹೆಬ್ಬೆರಳಿನ ಕೆಲಸವನ್ನು ಇಲ್ಲಿ ಈ ತಗ್ಗು ಮಾಡುತ್ತದೆ.

ಮೊದಲು ಗಾಳಿ. ಚದರ ಸೆಂಟಿಮೀಟರಿಗೆ 2 ಕಿಲೋ ಒತ್ತಡವಿದ್ದು, ಟೈರಿನ ಪಕ್ಕದ ಗೋಡೆ 5 ಸೆಂಟಿಮೀಟರ್ ಎತ್ತರ, 160 ಸೆಂಟಿಮೀಟರ್ ಸುತ್ತಳತೆ ಇದ್ದರೆ ಅದರ ಮೇಲಿನ ಒಟ್ಟು ತಳ್ಳು 1,600 ಕಿಲೋ! ಆದ್ದರಿಂದ ವಾಲ್ವಿನ ಒಳಪಿನ್ನನ್ನೇ ತೆಗೆದು ಗಾಳಿಯನ್ನು ಪೂರ್ತಿ ಬಿಡಬೇಕು.

ಆಮೇಲೆ ಅಂಟು ಬಿಡಿಸುವುದು. ಬಿಚ್ಚಿದ ಚಕ್ರವನ್ನು ನೆಲದ ಮೇಲೆ ಮಲಗಿಸಿ. ರಿಮ್ಮಿಗೆ ತಾಗದಂತೆ, ಆದರೆ ಅದರ ಪಕ್ಕದಲ್ಲೇ, ಟೈರಿನ ಮೇಲೆ ಮರದ ತುಂಡೊಂದನ್ನು ನಿಲ್ಲಿಸಿ. ಗಟ್ಟಿ ಹಲಗೆಯೊಂದರ ತುದಿಯನ್ನು ನಿಂತ ಗಾಡಿಯ ಅಡಿಯ ಭದ್ರವಾದ ಕಬ್ಬಿಣಕ್ಕೆ ಸಿಕ್ಕಿಸಿ, ಹಲಗೆಯನ್ನು ಆ ತುಂಡಿನ ಮೇಲೆ ಹಾಯಿಸಿ, ಇನ್ನೊಂದು ತುದಿಯನ್ನು ಒತ್ತಿ. ಅಡಕತ್ತರಿಯಂತೆ ಇದು ಎರಡನೆಯ ವರ್ಗದ ಸನ್ನೆ. ಹಲಗೆ 150 ಸೆಂಟಿಮೀಟರ್ ಇದ್ದು ತುಂಡು ಆಧಾರದಿಂದ 25 ಸೆಂಟಿಮೀಟರ್ ದೂರದಲ್ಲಿದ್ದರೆ ನಿಮ್ಮ 40 ಕಿಲೋ ಒತ್ತು ಅಲ್ಲಿ 240 ಕಿಲೋ ಆಗುತ್ತದೆ. ಒಂದೇ ಕಡೆ ಹಟ ಹಿಡಿಯದೆ ಸುತ್ತಲೂ ಸರಿದು ಒತ್ತಬೇಕು. ಚಕ್ರ ತಿರುವಿ ಹಾಕಿ ಇನ್ನೊಂದು ಬದಿಯನ್ನೂ ಹೀಗೆಯೇ ಬಿಡಿಸಬೇಕು.

ಈಗ ಸೋಪಿನ ನೀರು ಧಾರಾಳವಾಗಿ ಸವರಿ. ಅದು ಘರ್ಷಣೆ ತಗ್ಗಿಸಿ, ಕೆಲಸ ಮುಗಿದ ಮೇಲೆ ಒಣಗಿ ಹೋಗುತ್ತದೆ. ಸೀಮೆಎಣ್ಣೆ, ಇಂಜಿನ್ ಆಯಿಲ್ ಬೇಡವೇ ಬೇಡ. ಅವು ರಬ್ಬರನ್ನು ಕೆಡಿಸುತ್ತವೆ. ಜಿಡ್ಡು ಉಳಿದರೆ ಬ್ರೇಕ್ ಹಾಕಿದಾಗ ಟೈರು ರಿಮ್ಮಿನ ಮೇಲೆ ಜಾರಿ, ಟ್ಯೂಬಿನ ವಾಲ್ವ್ ಕಿತ್ತುಬರಬಹುದು.

ಕೊನೆಗೆ ಲಿವರ್. ಟೈರ್ ಲಿವರ್ ಇಲ್ಲದಿದ್ದರೆ ಅಂಚುಗಳನ್ನು ಅರದಿಂದ ಉಜ್ಜಿ ನುಣುಪು ಮಾಡಿದ ಎರಡು ಚಪ್ಪಟೆ ಕಬ್ಬಿಣದ ಪಟ್ಟಿಗಳು ಸಾಕು. ಸ್ಕ್ರೂಡ್ರೈವರಿನ ತುದಿ ಕಿರಿದು. ಅದೇ ಬಲ ಹತ್ತನೇ ಒಂದು ಪಾಲು ಜಾಗದ ಮೇಲೆ ಬಿದ್ದರೆ ಒತ್ತಡ ಹತ್ತು ಪಟ್ಟು, ಟ್ಯೂಬಿಗೆ ತೂತು. ವಾಲ್ವ್ ಇರುವ ಕಡೆ ಪಟ್ಟಿ ತೂರಿಸಿ, ಎದುರು ಬದಿಯ ಬೀಡನ್ನು ಮೊಣಕಾಲಿನಿಂದ ತಗ್ಗಿಗೆ ಒತ್ತಿ ಹಿಡಿಯಿರಿ. ಒಂದು ಸಲಕ್ಕೆ ಐದಾರು ಸೆಂಟಿಮೀಟರ್ ಮಾತ್ರ ಎತ್ತಿ. ಲೆಕ್ಕ ನೋಡಿ: 30 ಸೆಂಟಿಮೀಟರಿನ ಪಟ್ಟಿ 2 ಸೆಂಟಿಮೀಟರಿನಷ್ಟು ಒಳಗಿದ್ದರೆ ಬಲ 14 ಪಟ್ಟು, 20 ಕಿಲೋ ಹಾಕಿದರೆ 280 ಕಿಲೋ. ಅಷ್ಟಕ್ಕೂ ಬೀಡ್ ಏಳುತ್ತಿಲ್ಲವೆಂದರೆ ಎದುರು ಬದಿ ತಗ್ಗಿನಿಂದ ಮೇಲೆ ಬಂದಿದೆ ಎಂದೇ ಅರ್ಥ. ಜೋರು ಹೆಚ್ಚಿಸಬೇಡಿ, ಅಲ್ಲಿಗೆ ಹೋಗಿ ಮತ್ತೆ ಒತ್ತಿ. ಬಾಗಿದ ಪಟ್ಟಿ ಸ್ಪ್ರಿಂಗಿನಂತೆ, ಕೈ ಜಾರಿದರೆ ಚಿಮ್ಮುತ್ತದೆ. ಮುಖವನ್ನು ಅದರ ನೇರಕ್ಕೆ ಒಡ್ಡಬೇಡಿ.

ಇಷ್ಟೆಲ್ಲ ಹೇಳಿದ್ದು ಟ್ಯೂಬ್ ಇರುವ ಚಕ್ರಕ್ಕೆ. ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿ ತಡೆಯುವುದು ಬೀಡ್ ಮತ್ತು ರಿಮ್ಮಿನ ಬಿಗಿಯಾದ ಕೂಡಿಕೆ. ಅಲ್ಲಿ ಒಂದು ಗೀರು ಬಿದ್ದರೂ ಗಾಳಿ ಸೋರಬಹುದು. ಅದನ್ನು ಯಂತ್ರವಿರುವ ಅಂಗಡಿಗೇ ಒಯ್ಯಿರಿ. ಯಾವ ಚಕ್ರವೇ ಆಗಲಿ, ಮರಳಿ ಜೋಡಿಸಿದ ಮೇಲೆ ಟೈರು ಸುತ್ತಲೂ ಸಮನಾಗಿ ಕೂತಿದೆಯೇ, ಅಚ್ಚಿನ ನಟ್ಟು, ಬ್ರೇಕು ಸರಿಯಿವೆಯೇ ಎಂದು ಬಲ್ಲವರಿಂದ ನೋಡಿಸದೆ ಗಾಡಿ ಏರಬಾರದು.

ಪಾಲಕರಿಗೆ ಒಂದು ಮಾತು. ಸನ್ನೆಯ ಮೂರು ವರ್ಗಗಳನ್ನು ಬರೆದು ಅಂಕ ಗಳಿಸುವ ಮಕ್ಕಳಿಗೆ ಟೈರು ಕಂಡಾಗ ಆ ಪಾಠ ನೆನಪಾಗುವುದಿಲ್ಲ. ಪಂಕ್ಚರ್ ಅಂಗಡಿಯ ಹುಡುಗ ವರ್ಗದ ಹೆಸರು ಹೇಳಲಾರ, ಆದರೆ ಎದುರು ಬದಿಯನ್ನು ಮೊದಲು ತುಳಿಯಬೇಕೆಂದು ಬಲ್ಲ. ಅವನ ಕೈಯಲ್ಲಿರುವುದೂ ಭೌತಶಾಸ್ತ್ರವೇ. ‘ಕೈ ಕೊಳೆಯಾಗುತ್ತದೆ, ಹೋಗಿ ಓದು’ ಎನ್ನುವ ಮೊದಲು ಮಗನಾಗಲಿ ಮಗಳಾಗಲಿ, ನಿಮ್ಮ ಪಕ್ಕದಲ್ಲಿ ಕೂತು ಒಮ್ಮೆ ಆ ಪಟ್ಟಿ ಹಿಡಿಯಲಿ. ಹಳೆಯ ಸೈಕಲ್ ಚಕ್ರದಿಂದ ಶುರು ಮಾಡಿದರೆ ಇನ್ನೂ ಒಳ್ಳೆಯದು.

ವಿದ್ಯಾರ್ಥಿಗಳಿಗೆ ಈ ವಾರದ ಪ್ರಶ್ನೆ: ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಾ ತೊಡಿಸುವಾಗ ಕಮ್ಮಾರ ಅದನ್ನು ಕೆಂಪಗೆ ಕಾಯಿಸಿ, ತೊಡಿಸಿದ ಕೂಡಲೇ ನೀರು ಸುರಿಯುತ್ತಾನೆ. ಟೈರಿಗೆ ಬೇಡವಾದ ಬೆಂಕಿ ಅಲ್ಲಿ ಏಕೆ ಬೇಕು? ಮರದ ಚಕ್ರದಲ್ಲಿ ಯಾವುದು ಇಲ್ಲ ಎಂಬುದನ್ನು ಯೋಚಿಸಿದರೆ ಉತ್ತರ ಹೊಳೆಯುತ್ತದೆ.