ಮೊಂಡು ಮೂಗು, ಚೂಪು ಅಂಚು ಮತ್ತು ನಮ್ಮ ಚಳ್ಳಕೆರೆ

2016ರ ಮೇ 23ರಂದು ಇಲ್ಲೇ ಚೆನ್ನೈ ಪಕ್ಕದ ಶ್ರೀಹರಿಕೋಟಾದಿಂದ ಇಸ್ರೋದ ರೆಕ್ಕೆಯ ವಾಹನ ಆರ್‌ಎಲ್‌ವಿ-ಟಿಡಿ ಹಾರಿತು. 65 ಕಿ.ಮೀ. ಮೇಲೇರಿ, ಶಬ್ದದ ಐದು ಪಟ್ಟು ವೇಗದಲ್ಲಿ ಕೆಳಗೆ ನುಗ್ಗಿ, ಸುಮಾರು 450 ಕಿ.ಮೀ. ಆಚೆ ಬಂಗಾಳ ಕೊಲ್ಲಿಗೆ ಇಳಿಯಿತು. ಅದನ್ನು ಎತ್ತಿ ತರುವ ಯೋಜನೆಯೇ ಇರಲಿಲ್ಲ. ಮರುದಿನ ಬ್ರಾಂಚಿನಲ್ಲಿ ಒಬ್ಬರು, "ಕೋಟಿಗಟ್ಟಲೆ ಸಮುದ್ರಪಾಲು ಸಾರ್" ಅಂದರು. ಆಗ ಸುಮ್ಮನಿದ್ದೆ. ಈಗ ಹೇಳುತ್ತೇನೆ.

ನಾನು ಬಿಕಾಂ ಓದಿದವ, ವಿಜ್ಞಾನಿಯಲ್ಲ. ಅರ್ಥವಾದಷ್ಟು ಇಷ್ಟು: ಮೊಂಡು ಮೂಗಿನ ವಾಹನ ತನ್ನ ಮುಂದೆ ಗಾಳಿಯನ್ನು ದಪ್ಪಗೆ ಒತ್ತುತ್ತದೆ, ಕಾವಿನ ಬಹುಪಾಲು ಆ ಗಾಳಿಯಲ್ಲೇ ಹೋಗುತ್ತದೆ. 2007ರಲ್ಲಿ ಕಕ್ಷೆಯಿಂದ ಹಿಂದಿರುಗಿದ ನಮ್ಮ ಎಸ್‌ಆರ್‌ಇ-1 ಇಂಥದ್ದೇ. ಆದರೆ ಮೊಂಡು ಮೂಗು ಹೆಚ್ಚುಕಡಿಮೆ ಕಲ್ಲಿನ ಹಾಗೆ ಬೀಳುತ್ತದೆ. ಚೂಪಾದದ್ದು ಜಾರುತ್ತದೆ, ಬೇಕಾದ ಕಡೆ ತಿರುಗುತ್ತದೆ. ಬಡ್ಡಿ ಮಾತ್ರ ಜಾಸ್ತಿ: ತುದಿಯ ತ್ರಿಜ್ಯ ಕಾಲು ಭಾಗಕ್ಕಿಳಿದರೆ ಅಲ್ಲಿನ ಕಾವು ಎರಡು ಪಟ್ಟಾಗುತ್ತದೆ.

ಅಂಚಿನ ಲೆಕ್ಕ ತಪ್ಪಿದರೆ ಏನಾಗುತ್ತದೆ ಅಂತ 2003ರ ಫೆಬ್ರವರಿ 1ರಂದು ಕೊಲಂಬಿಯಾದಲ್ಲಿ ನೋಡಿದೆವಲ್ಲ. ಎಡರೆಕ್ಕೆಯ ಮುಂಚೂಣಿ ಅಂಚಿನಲ್ಲಿ ಒಂದು ತೂತು. ಕಲ್ಪನಾ ಚಾವ್ಲಾ ಸೇರಿ ಏಳು ಜೀವ.

ಜರ್ಮನಿಯ ಡಿಎಲ್‌ಆರ್ ಜಾಣತನ ಮಾಡಿತು. ಶಟಲ್‌ಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಿಲ್ಲೆಗಳು, ಬಹುತೇಕ ಒಂದೊಂದೂ ಬೇರೆ ಆಕಾರ. ಇವರು ಚಪ್ಪಟೆ ಹಲಗೆ, ಚೂಪು ಅಂಚು ಜೋಡಿಸಿ, ಶೆಫೆಕ್ಸ್ ಅಂತ ಹೆಸರಿಟ್ಟು, 2005ರಲ್ಲಿ ಮತ್ತು 2012ರಲ್ಲಿ ನಾರ್ವೆಯ ಆಂಡೋಯಾದಿಂದ ಸಣ್ಣ ರಾಕೆಟ್ಟಿನಲ್ಲಿ ಹಾರಿಸಿದರು. ಎರಡನೆಯದರ ವೇಗ ಗಂಟೆಗೆ ಸುಮಾರು 11,000 ಕಿ.ಮೀ. ಲೆಕ್ಕ ರೇಡಿಯೋದಲ್ಲಿ ಬಂತು. ಅದೇ ಅಸಲು.

ನಮ್ಮಲ್ಲಿ? ಪುಷ್ಪಕ್ 2023ರಲ್ಲಿ ಒಮ್ಮೆ, 2024ರಲ್ಲಿ ಎರಡು ಬಾರಿ ಚಳ್ಳಕೆರೆ ಬಳಿಯ ರನ್‌ವೇಯಲ್ಲಿ ತಾನಾಗಿ ಇಳಿಯಿತು. ಹೆಮ್ಮೆಯೇ. ಆದರೆ ಅದು ಚಿನೂಕ್ ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿ.ಮೀ. ಎತ್ತರದಲ್ಲಿ ಬಿಟ್ಟದ್ದು. ಇಳಿಯುವ ಪರೀಕ್ಷೆ, ಸುಡುವ ಪರೀಕ್ಷೆಯಲ್ಲ. ಕಕ್ಷೆಯಿಂದ ಬರುವಾಗ ವೇಗ ಶಬ್ದದ ಇಪ್ಪತ್ತೈದು ಪಟ್ಟು. ಐದಕ್ಕೂ ಇಪ್ಪತ್ತೈದಕ್ಕೂ ನಡುವಿನ ಮೆಟ್ಟಿಲುಗಳನ್ನು ಸಣ್ಣ ಸಣ್ಣ ಹಾರಾಟಗಳಲ್ಲೇ ಹತ್ತಬೇಕು, ನಾಲ್ಕು ಸಮುದ್ರಕ್ಕೆ ಬಿದ್ದರೂ ಸರಿ. ಕೋಟಿ ಸಾಲ ಕೊಡುವ ಮುಂಚೆ ಸಣ್ಣ ಸಾಲ ಕೊಟ್ಟು ನೋಡುವುದಿಲ್ಲವೇ? ಹಾಗೆ.

ಇನ್ನೊಂದು ಮಾತು. ಆ ರನ್‌ವೇ ಇರುವುದು ಅಮೃತಮಹಲ್ ಕಾವಲಿನ ಸೀಮೆಯಲ್ಲಿ. ದನಕುರಿ ಮೇಯುತ್ತಿದ್ದ ಹುಲ್ಲುಗಾವಲು ಬೇಲಿಯೊಳಗೆ ಹೋಯಿತು. ಸಮುದ್ರಕ್ಕೆ ಬಿದ್ದ ಯಂತ್ರವನ್ನು ನಷ್ಟ ಅನ್ನುವವರು ಈ ಖರ್ಚನ್ನು ಯಾವ ಖಾತೆಗೂ ಬರೆಯಲಿಲ್ಲ. ಆ ಹಳ್ಳಿಗಳ ಮಕ್ಕಳು ಬೇಲಿಯೊಳಗೆ ಕೆಲಸಕ್ಕೆ ಸೇರುವಂತಾದರೆ ಮಾತ್ರ ಲೆಕ್ಕ ತಾಳೆಯಾದೀತು.

ನೀವೇನಂತೀರಿ?