ಅರ್ಥವಿಲ್ಲದ ಹಾಡಿಗೆ ಅರ್ಥ ಕೇಳುವವರಿಗೆ

ಹಾಡೊಂದು ಕಿವಿಗೆ ಬಿದ್ದ ತಕ್ಷಣ ಅದು ಏನು ಹೇಳುತ್ತದೆ ಎಂದು ಕೇಳುವುದು ನಮಗೆ ರೂಢಿಯಾಗಿದೆ. ಇದರಲ್ಲಿ ತಪ್ಪೇನಿಲ್ಲ. ವಚನ, ಕೀರ್ತನೆ, ತತ್ವಪದಗಳ ನಾಡಿನಲ್ಲಿ, ಬಂಡಾಯದ ಹಾಡುಗಳನ್ನು ಬೀದಿಬೀದಿಗಳಲ್ಲಿ ಹಾಡಿದ ನಾಡಿನಲ್ಲಿ ಹಾಡೆಂದರೆ ಮೊದಲಿಗೆ ಮಾತು. ರಾಗ ಆ ಮಾತನ್ನು ಹೊತ್ತು ತರುವ ಗಾಡಿ. ಆದರೆ ಈ ರೂಢಿ ನಿಯಮವಾದಾಗ ತೊಂದರೆ ಶುರುವಾಗುತ್ತದೆ. ಅರ್ಥವಾಗುವ ಮಾತಿಲ್ಲದ ಹಾಡನ್ನು ನಾವು ಒಂದೋ ಮೋಸವೆಂದು ತಳ್ಳಿಹಾಕುತ್ತೇವೆ, ಇಲ್ಲವೇ ‘ಮನಸ್ಸಿಗೆ ಹಿತವಾಗಿದೆ’ ಎಂದು ಹೇಳಿ ಬೇರೆ ಕೆಲಸದ ಹಿನ್ನೆಲೆಗೆ ಹಾಕಿಕೊಳ್ಳುತ್ತೇವೆ. ತಳ್ಳಿಹಾಕಿದವರೂ ಹಿನ್ನೆಲೆಗೆ ಹಾಕಿಕೊಂಡವರೂ ಕೊನೆಗೆ ಮಾಡುವುದು ಒಂದನ್ನೇ. ಇಬ್ಬರೂ ಅದನ್ನು ಕೇಳುವುದಿಲ್ಲ.

ಈ ಮಾತಿಗೆ ಆಧಾರವಾಗಿ ಒಂದು ಆಲ್ಬಂ ಅನ್ನು ಮುಂದಿಟ್ಟುಕೊಳ್ಳೋಣ. ಐಸ್‌ಲ್ಯಾಂಡಿನ ಸಿಗುರ್ ರೋಸ್ ಎಂಬ ತಂಡ 2002ರ ಅಕ್ಟೋಬರ್‌ನಲ್ಲಿ ಹೊರತಂದ ಆಲ್ಬಂ ಅದು. 1994ರಲ್ಲಿ ರಾಜಧಾನಿ ರೇಕ್ಯಾವಿಕ್‌ನಲ್ಲಿ ಹುಟ್ಟಿದ ಆ ತಂಡಕ್ಕೆ ಅದು ಮೂರನೆಯದು. ಬ್ರಿಟನ್ನಿನಲ್ಲಿ ಅದನ್ನು ಬಿಡುಗಡೆ ಮಾಡಿದ್ದು ಫ್ಯಾಟ್ ಕ್ಯಾಟ್ ಎಂಬ ಸಣ್ಣ ಕಂಪೆನಿ. ದೊಡ್ಡ ಕಂಪೆನಿಗಳ ಅಚ್ಚಿಗೆ ಒಗ್ಗದೆ ಇಂಥ ಸಣ್ಣ ಕಂಪೆನಿಗಳ ಆಸರೆಯಲ್ಲಿ ಬೆಳೆದ ಸಂಗೀತವನ್ನು ಇಂಡಿ ರಾಕ್ ಎಂದು ಕರೆಯುತ್ತಾರೆ. ಈ ಆಲ್ಬಮ್ಮಿಗೆ ಹೆಸರಿಲ್ಲ. ಹೆಸರು ಇರಬೇಕಾದ ಕಡೆ ಒಂದು ಜೊತೆ ಆವರಣ ಚಿಹ್ನೆಗಳಿವೆ, ಅವುಗಳ ನಡುವೆ ಏನೂ ಇಲ್ಲ. ಒಳಗಿನ ಎಂಟು ಹಾಡುಗಳಿಗೂ ಹೆಸರಿಲ್ಲ. ಜೊತೆಗಿಟ್ಟ ಪುಸ್ತಿಕೆಯ ಹಾಳೆಗಳು ಖಾಲಿ. ಕೇಳಿದವರು ತಮಗೆ ಹೊಳೆದದ್ದನ್ನು ಅಲ್ಲಿ ಬರೆದುಕೊಳ್ಳಬೇಕು. ಇನ್ನು ಹಾಡುಗಾರ ಯೋನ್ಸಿ ಹಾಡುವುದು ಯಾವ ಭಾಷೆಯಲ್ಲೂ ಅಲ್ಲ. ಅರ್ಥವೂ ವ್ಯಾಕರಣವೂ ಇಲ್ಲದ ಕೆಲವು ಉಚ್ಚಾರಗಳನ್ನು ಆತ 71 ನಿಮಿಷಗಳ ಉದ್ದಕ್ಕೂ ತಿರುತಿರುಗಿ ಹಾಡುತ್ತಾನೆ. ಇದಕ್ಕೆ ತಂಡದವರು ಇಟ್ಟ ಹೆಸರು ವೊನ್‌ಲೆನ್‌ಸ್ಕ. ‘ವೊನ್’ ಎಂದರೆ ಐಸ್‌ಲ್ಯಾಂಡಿನ ನುಡಿಯಲ್ಲಿ ಭರವಸೆ. ಭರವಸೆಯ ನಾಡಿನ ನುಡಿ ಎಂದು ಇದನ್ನು ಅರ್ಥ ಮಾಡಿಕೊಳ್ಳಬಹುದು.

ಇದು ಭಾಷೆಯ ಬಗ್ಗೆ ಅಸಡ್ಡೆಯಿರುವ ಜನ ಮಾಡಿದ ಕೆಲಸವಲ್ಲ ಎಂಬುದನ್ನು ಗಮನಿಸಬೇಕು. ಇವತ್ತಿಗೂ ನಾಲ್ಕು ಲಕ್ಷ ಮುಟ್ಟದ ಜನಸಂಖ್ಯೆಯ ಐಸ್‌ಲ್ಯಾಂಡ್ ತನ್ನ ಭಾಷೆಯನ್ನು ಕಣ್ಣಿನಂತೆ ಕಾಯುವ ದೇಶ. ಕಂಪ್ಯೂಟರ್ ಬಂದಾಗ ಅವರು ಇಂಗ್ಲಿಷ್ ಪದವನ್ನು ಹಾಗೇ ತೆಗೆದುಕೊಳ್ಳಲಿಲ್ಲ. ಸಂಖ್ಯೆ ಎಂಬ ಪದವನ್ನೂ ಕಣಿ ಹೇಳುವ ಹೆಂಗಸು ಎಂಬ ಹಳೆಯ ಪದವನ್ನೂ ಬೆಸೆದು ‘ತೋಲ್ವ’ ಎಂಬ ಹೊಸ ಪದ ಕಟ್ಟಿದರು. ಸಿಗುರ್ ರೋಸ್ 1999ರ ತನ್ನ ಎರಡನೆಯ ಆಲ್ಬಮ್ಮಿನ ಬಹುಪಾಲನ್ನು ಹಾಡಿದ್ದು ಈ ನುಡಿಯಲ್ಲೇ. ಹೆಸರಾದ ಮೇಲೆ ಇಂಗ್ಲಿಷಿಗೆ ಜಿಗಿಯುವ ದಾರಿ ಅವರ ಮುಂದಿತ್ತು, ಮಾರುಕಟ್ಟೆ ಬಯಸುವುದೂ ಅದನ್ನೇ. ಅವರು ಮೂರನೆಯ ಆಲ್ಬಮ್ಮಿನಲ್ಲಿ ಯಾರದ್ದೂ ಅಲ್ಲದ ನುಡಿಗೆ ಹೋದರು. ಲಂಡನ್ನಿನ ಕೇಳುಗನಿಗೂ ರೇಕ್ಯಾವಿಕ್‌ನ ಕೇಳುಗನಿಗೂ ಇಲ್ಲಿ ಒಂದೇ ಮಣೆ. ಯಾರಿಗೂ ಅರ್ಥವಾಗುವುದಿಲ್ಲ, ಹಾಗಾಗಿ ಯಾರೂ ಹೊರಗಿನವರಲ್ಲ. ಇಂಗ್ಲಿಷ್ ಬಾರದವರು ಸದಾ ಹಿಂದಿನ ಬೆಂಚಿನಲ್ಲಿ ಕೂರಬೇಕಾದ ಜಾಗತೀಕರಣದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

‘ಬಾಯಿಗೆ ಬಂದದ್ದನ್ನು ಒದರಿದರೆ ಅದೂ ಕಲೆಯೇ’ ಎಂಬುದು ಇದಕ್ಕೆ ಬರುವ ಮೊದಲ ಆಕ್ಷೇಪ. ಹೀಗೆ ಕೇಳುವವರು ಆ ಆಲ್ಬಮ್ಮನ್ನು ಒಮ್ಮೆ ಕೂತು ಕೇಳಬೇಕು. ಯೋನ್ಸಿ ಗಿಟಾರನ್ನು ಬೆರಳಿನಿಂದ ಮೀಟುವುದಕ್ಕಿಂತ ಹೆಚ್ಚಾಗಿ ಚೆಲೊ ಎಂಬ ದೊಡ್ಡ ಪಿಟೀಲಿನ ಕಮಾನಿನಿಂದ ಉಜ್ಜುತ್ತಾನೆ. ಮೀಟಿದ ಸ್ವರ ಹುಟ್ಟಿದ ಕೂಡಲೇ ಕರಗತೊಡಗುತ್ತದೆ. ಉಜ್ಜಿದ ಸ್ವರ ಕೈ ಚಲಿಸುವವರೆಗೂ ಉಳಿಯುತ್ತದೆ, ಮಂಜಿನಂತೆ ಹಬ್ಬುತ್ತದೆ. ರೇಕ್ಯಾವಿಕ್ ಹತ್ತಿರದ ಮೋಸ್‌ಫೆಲ್ಸ್‌ಬೈರ್‌ನಲ್ಲಿ 1930ರ ದಶಕದ ಹಳೆಯ ಈಜುಕೊಳವೊಂದನ್ನು ಇವರು ಸ್ಟುಡಿಯೋ ಮಾಡಿಕೊಂಡರು. ಈ ಆಲ್ಬಂ ಸಿದ್ಧವಾದದ್ದು ಅಲ್ಲೇ. ಮೊದಲ ನಾಲ್ಕು ಹಾಡುಗಳು ಹಗುರ, ಬೆಳಕಿನ ಕಡೆ ಮುಖ ಮಾಡಿದಂಥವು. ಆಮೇಲೆ ಅರ್ಧ ನಿಮಿಷಕ್ಕೂ ತುಸು ಹೆಚ್ಚು ಕಾಲ ಮೌನ. ಮುಂದಿನ ನಾಲ್ಕು ಭಾರವಾದವು, ಕತ್ತಲೆಯವು. ಕೊನೆಯ ಹಾಡು ತೀರಾ ಮೆಲ್ಲಗೆ ತೊಡಗಿ, ಸುಮಾರು ಹನ್ನೆರಡು ನಿಮಿಷಗಳಲ್ಲಿ ಡ್ರಮ್ಮು, ಗಿಟಾರು, ಗಂಟಲು ಒಂದರ ಮೇಲೊಂದು ಬಿದ್ದು ಕೂಗಾಗಿ ಮುಗಿಯುತ್ತದೆ. ಇಷ್ಟು ಲೆಕ್ಕಾಚಾರ, ಇಷ್ಟು ತಾಳ್ಮೆ ಒದರುವವರಿಗೆ ಇರುವುದಿಲ್ಲ.

ನಮಗೆ ಇದು ಅಪರಿಚಿತವೂ ಅಲ್ಲ. ಧಾರವಾಡದ ಕಡೆ ಮಲ್ಲಿಕಾರ್ಜುನ ಮನ್ಸೂರರನ್ನೂ ಗಂಗೂಬಾಯಿ ಹಾನಗಲ್ಲರನ್ನೂ ಕೇಳಿ ಕಣ್ಣು ಒದ್ದೆ ಮಾಡಿಕೊಂಡ ಜನರಲ್ಲಿ ಎಷ್ಟು ಮಂದಿಗೆ ಆ ಬಂದಿಶುಗಳ ಬ್ರಜ ಭಾಷೆ ತಿಳಿದಿತ್ತು? ಆಲಾಪದಲ್ಲಂತೂ ಮಾತೇ ಇಲ್ಲ. ತರಾನಾದಲ್ಲಿ ಇರುವುದು ಬಹುಮಟ್ಟಿಗೆ ಅಕ್ಷರಗಳ ಆಟ, ಪರಂಪರೆ ಅದನ್ನು ಅಮೀರ್ ಖುಸ್ರೋ ಹೆಸರಿಗೆ ಜೋಡಿಸಿದೆ. ಇದನ್ನೆಲ್ಲ ಒಪ್ಪಿಕೊಂಡ ನಾವು ಗಿಟಾರು ಹಿಡಿದವರು ಅದೇ ಕೆಲಸ ಮಾಡಿದಾಗ ಮಾತ್ರ ಅರ್ಥದ ರಶೀದಿ ಕೇಳುವುದು ನ್ಯಾಯವಲ್ಲ. ಎರಡೂ ಒಂದೇ ಎಂದು ನಾವು ಹೇಳುತ್ತಿಲ್ಲ. ರಾಗಕ್ಕೆ ಶತಮಾನಗಳ ಕಟ್ಟುಪಾಡಿದೆ, ಇವರಿಗೆ ಅಂಥದ್ದಿಲ್ಲ. ಆದರೆ ಮಾತಿನ ಹಂಗಿಲ್ಲದೆ ಗಂಟಲು ಅಳಬಲ್ಲದು ಎಂಬುದು ಎರಡೂ ಕಡೆ ನಿಜ.

ಮೋಸ ಎನ್ನುವವರಿಗಿಂತ ಹೊಗಳುವವರೇ ಈ ಆಲ್ಬಮ್ಮಿಗೆ ಹೆಚ್ಚು ಅನ್ಯಾಯ ಮಾಡಿದ್ದಾರೆ. ಸಿಗುರ್ ರೋಸ್ ಬಗ್ಗೆ ಬರೆದ ಪಾಶ್ಚಾತ್ಯ ವಿಮರ್ಶಕರಲ್ಲಿ ಅನೇಕರು ಹಿಮನದಿ, ಬಿಸಿನೀರಿನ ಬುಗ್ಗೆ, ಜ್ವಾಲಾಮುಖಿ, ಯಕ್ಷಿಣಿಯರನ್ನು ಕರೆತರದೆ ಒಂದು ಪ್ಯಾರಾ ಮುಗಿಸಿಲ್ಲ. ಪ್ರವಾಸೋದ್ಯಮದ ಕರಪತ್ರಕ್ಕೂ ಇಂಥ ವಿಮರ್ಶೆಗೂ ವ್ಯತ್ಯಾಸವೇ ಇಲ್ಲ. ಲಂಡನ್ನಿನ ತಂಡ ಹಾಡಿದರೆ ಅದು ಅವರ ಪ್ರತಿಭೆ, ಐಸ್‌ಲ್ಯಾಂಡಿನವರು ಹಾಡಿದರೆ ಅದು ಅವರ ಹವಾಮಾನ! ಒಂದು ಜನವನ್ನು ಅವರ ಭೂಪಟಕ್ಕೆ, ಉಡುಪಿಗೆ, ಹೆಸರಿಗೆ ಇಳಿಸಿ ನೋಡುವ ಈ ಚಾಳಿ ಎಲ್ಲ ಕಡೆಯದು. ಅದರ ಪೆಟ್ಟು ತಿಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈಜುಕೊಳದಲ್ಲಿ ಕೂತು ತಿಂಗಳುಗಟ್ಟಲೆ ದುಡಿದ ನಾಲ್ವರ ಶ್ರಮವನ್ನು ಹಿಮನದಿಯ ಲೆಕ್ಕಕ್ಕೆ ಬರೆಯುವುದು ಪ್ರಶಂಸೆಯಲ್ಲ, ಅಳಿಸಿಹಾಕುವ ಕೆಲಸ.

ಇವರ ಬೆನ್ನಿಗೇ ಮಾರುಕಟ್ಟೆ ಬರುತ್ತದೆ. ಈ ತಂಡದ 2005ರ ಆಲ್ಬಮ್ಮಿನ ಹಾಡೊಂದನ್ನು ಬಿಬಿಸಿ 2006ರಲ್ಲಿ ‘ಪ್ಲಾನೆಟ್ ಅರ್ಥ್’ ಸರಣಿಯ ಪ್ರಚಾರಕ್ಕೆ ಬಳಸಿತು. ಇವತ್ತು ಮೊಬೈಲು ತೆರೆದರೆ ನಿದ್ದೆಗೊಂದು, ಓದಿಗೊಂದು, ಧ್ಯಾನಕ್ಕೊಂದು ಹಾಡುಗಳ ಪಟ್ಟಿ ಸಿದ್ಧವಿರುತ್ತದೆ. ಮಾತಿಲ್ಲದ, ನಿಧಾನದ ಸಂಗೀತವೆಲ್ಲ ತಲೆನೋವಿನ ಮಾತ್ರೆಯಂತೆ ಬಿಕರಿಯಾಗುತ್ತಿದೆ. ವಾತಾವರಣ ಕಟ್ಟುವ ಸಂಗೀತ ಎಂಬ ಮಾತಿಗೇ ಈಗ ಅರ್ಥ ಕೆಟ್ಟಿದೆ. ವಾತಾವರಣವೆಂದರೆ ಹವಾನಿಯಂತ್ರಿತ ಕೋಣೆಯ ತಂಪು ಎಂದು ವ್ಯಾಪಾರಿಗಳು ತಿಳಿದಿದ್ದಾರೆ. ಈ ಆಲ್ಬಂ ಆ ಕೋಣೆಯಲ್ಲಿ ಕೂರುವಂಥದಲ್ಲ. ನಿದ್ದೆಗೆಂದು ಹಾಕಿಕೊಂಡವರನ್ನು ಕೊನೆಯ ಹಾಡು ಹಾಸಿಗೆಯಿಂದ ಎಬ್ಬಿಸುತ್ತದೆ. ನಡುವಿನ ಮೌನ ‘ಹಾಡು ನಿಂತಿತೇ’ ಎಂದು ಕಿವಿಯನ್ನು ನಿಮಿರಿಸುತ್ತದೆ. ಅದರ ಆಕರ್ಷಣೆ ಹಿತದಲ್ಲಿಲ್ಲ, ಅದು ಕೇಳುಗನ ಮೇಲೆ ಹೊರಿಸುವ ಹೊಣೆಯಲ್ಲಿದೆ.

ಗೆಳೆಯರಾದ ಪ್ರಗತಿಪರರದು ಇನ್ನೊಂದು ಆಕ್ಷೇಪ. ‘ಜಗತ್ತು ಹೊತ್ತಿ ಉರಿಯುವಾಗ ಮಾತಿಲ್ಲದೆ ಹಾಡುವುದು ಪಲಾಯನವಲ್ಲವೇ? ನಿಲುವಿಲ್ಲದವರ ಆಟವಲ್ಲವೇ?’ ಪ್ರಶ್ನೆ ಗಂಭೀರವಾದದ್ದು. ಎರಡು ಸಂಗತಿಗಳನ್ನು ಅವರ ಮುಂದಿಡುತ್ತೇವೆ. ಈ ಆಲ್ಬಮ್ಮಿನ ಮೊದಲ ಹಾಡಿಗೆ ಫ್ಲೋರಿಯಾ ಸಿಜಿಸ್ಮಾಂಡಿ ಎಂಬ ನಿರ್ದೇಶಕಿ ದೃಶ್ಯ ಕೂಡಿಸಿದರು. ಶಾಲೆಯ ಮಕ್ಕಳು ವಿಷಾನಿಲದ ಮುಖವಾಡ ತೊಟ್ಟು ಆಟಕ್ಕೆ ಹೊರಡುತ್ತಾರೆ, ಹೊರಗೆ ಹಿಮದ ಬದಲು ಕಪ್ಪು ಬೂದಿ ಸುರಿಯುತ್ತಿದೆ. ಇರಾಕಿನ ಮೇಲೆ ಬಾಂಬು ಸುರಿದ 2003ರಲ್ಲೇ ಯುರೋಪಿನ ಎಂಟಿವಿ ಅದಕ್ಕೆ ಅತ್ಯುತ್ತಮ ವೀಡಿಯೋ ಪ್ರಶಸ್ತಿ ಕೊಟ್ಟಿತು. ಮಾತಿಲ್ಲದ ಹಾಡು ಆ ಮಕ್ಕಳನ್ನು ತನ್ನೊಳಗೆ ಬಿಟ್ಟುಕೊಂಡಿತು. ಎರಡನೆಯದು 2006ರದು. ಐಸ್‌ಲ್ಯಾಂಡಿನ ಪೂರ್ವದ ಎತ್ತರದ ಬಯಲಿನಲ್ಲಿ, ಆಲ್ಕೋವಾ ಎಂಬ ಅಮೆರಿಕನ್ ಕಂಪೆನಿಯ ಅಲ್ಯೂಮಿನಿಯಂ ಕಾರ್ಖಾನೆಗೆ ವಿದ್ಯುತ್ ಒದಗಿಸಲು ಕಾರಾಹ್ನ್ಯುಕಾರ್ ಅಣೆಕಟ್ಟು ಏಳುತ್ತಿತ್ತು. ಆ ಬೇಸಿಗೆಯಲ್ಲಿ ತಮ್ಮ ದೇಶದ ಊರೂರುಗಳಲ್ಲಿ ಪುಕ್ಕಟೆಯಾಗಿ ಹಾಡಿದ ಈ ತಂಡ, ಅಣೆಕಟ್ಟನ್ನು ವಿರೋಧಿಸುವವರ ಶಿಬಿರಕ್ಕೂ ಹೋಗಿ ವಿದ್ಯುತ್ ಉಪಕರಣಗಳಿಲ್ಲದೆ ನುಡಿಸಿತು. 2007ರ ಅವರ ‘ಹೇಮಾ’ ಸಾಕ್ಷ್ಯಚಿತ್ರದಲ್ಲಿ ಅದು ದಾಖಲಾಗಿದೆ. ಅಣೆಕಟ್ಟು ನಿಲ್ಲಲಿಲ್ಲ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಣಿವೆಗೆ ನೀರು ತುಂಬತೊಡಗಿತು. ಹಾಡು ಅಣೆಕಟ್ಟನ್ನು ತಡೆಯಲಾರದು. ಆದರೆ ಘೋಷಣೆಯಿಲ್ಲದ ಹಾಡುಗಾರರು ನಿಲ್ಲಬೇಕಾದ ಕಡೆ ನಿಂತರು. ಘೋಷಣೆ ತುಂಬಿದ ಹಾಡು ಹಾಡಿ, ಅಣೆಕಟ್ಟು ಕಟ್ಟುವವರಿಂದಲೇ ಸನ್ಮಾನ ಪಡೆಯುವವರನ್ನೂ ನಾವು ಕಂಡಿಲ್ಲವೇ?

ಒಂದು ಮಾತನ್ನು ಒಪ್ಪಲೇಬೇಕು. ಹೆಸರಿಲ್ಲದ ಆಲ್ಬಂ ಎಂಬುದು ಸ್ವಲ್ಪ ಮಟ್ಟಿಗೆ ಒಂದು ವರಸೆಯೂ ಹೌದು. ಆ ಎಂಟು ಹಾಡುಗಳಿಗೂ ತಂಡದವರೇ ಅಡ್ಡಹೆಸರುಗಳನ್ನು ಇಟ್ಟುಕೊಂಡಿದ್ದಾರೆ. ಏಳನೆಯದು ‘ಸಾವಿನ ಹಾಡು’, ಆ ಕೂಗಿನ ಕೊನೆಯ ಹಾಡು ತಮಾಷೆಗೋ ಎಂಬಂತೆ ‘ಪಾಪ್ ಹಾಡು’. ಪೂರ್ತಿ ಹೆಸರಿಲ್ಲದೆ ಬದುಕಲು ಹಾಡಿದವರಿಗೂ ಆಗಲಿಲ್ಲ. ಇದರಿಂದ ಆಲ್ಬಮ್ಮಿನ ಬೆಲೆಯೇನೂ ತಗ್ಗುವುದಿಲ್ಲ. ಹೆಸರು ಅವರ ಮನೆಯೊಳಗೆ ಉಳಿಯಿತು, ನಮ್ಮ ಕೈಗೆ ಬಂದ ಹಾಳೆ ಖಾಲಿಯಾಗಿಯೇ ಬಂತು.

ನಾವು ಬದುಕುತ್ತಿರುವ ಕಾಲದಲ್ಲಿ ಮಾತಿಗೆ ಬರವಿಲ್ಲ. ಪರದೆಯ ಮೇಲೆ, ವೇದಿಕೆಯ ಮೇಲೆ, ಮೈಕಿನ ಮುಂದೆ ಮಾತು ಸುರಿಯುತ್ತಿದೆ. ಅದರಲ್ಲಿ ಬಹಳಷ್ಟು ಯಾರನ್ನೋ ಹೊಡೆಯಲು ಆಡಿದ್ದು. ‘ನೀನು ಯಾರು, ಯಾವ ಕಡೆಯವನು, ಮೊದಲು ಅದನ್ನು ಹೇಳು. ನಿನ್ನ ಅಳುವನ್ನು ಆಮೇಲೆ ಕೇಳೋಣ’ ಎಂಬುದು ನಮ್ಮ ಸಾರ್ವಜನಿಕ ಜೀವನದ ಪದ್ಧತಿಯಾಗಿದೆ. ಐಸ್‌ಲ್ಯಾಂಡಿನ ಈ ನಾಲ್ವರು ಆ ಪದ್ಧತಿಯನ್ನು ತಲೆಕೆಳಗು ಮಾಡಿದರು. ಅವರ ಹಾಡಿನಲ್ಲಿ ಮೊದಲು ಅಳು ಕೇಳಿಸುತ್ತದೆ, ಹೆಸರು ಕೊನೆಗೂ ಬರುವುದಿಲ್ಲ. ಅರ್ಥ ತಿಳಿಯದ ದನಿಗೆ 71 ನಿಮಿಷ ಕಿವಿಗೊಡುವುದನ್ನು ಕಲಿತವರು, ಪಕ್ಕದ ಬೀದಿಯಲ್ಲಿ ಬೇರೆ ನುಡಿಯಲ್ಲಿ ಅಳುವವರಿಗೂ ಒಂದು ಗಳಿಗೆ ಕಿವಿಗೊಟ್ಟಾರು. ಖಾತ್ರಿಯೇನಿಲ್ಲ. ಆದರೆ ಕೇಳುವ ಮೊದಲೇ ಅರ್ಥದ ಲೆಕ್ಕ ಒಪ್ಪಿಸಲು ಹೇಳುವವರಿಂದ ಅದು ಖಂಡಿತ ಆಗದು.