ಬೆಳ್ಳಗಿರೋದೆಲ್ಲ ಯುಎನ್‌ಸಿ ಅಲ್ಲ ಸ್ವಾಮಿ!

ಕಳೆದ ತಿಂಗಳು ಬೆಂಗಳೂರಿನಲ್ಲಿ ಒಂದು ನಾಣ್ಯ ಪ್ರದರ್ಶನಕ್ಕೆ ಹೋಗಿದ್ದೆ. (ಹೋಗಬಾರದಿತ್ತು ಅಂತಾಳೆ ಹೆಂಡತಿ. ಅದು ಬೇರೆ ವಿಷಯ.) ಒಂದು ಟೇಬಲ್ಲಿನ ಮೇಲೆ 1862ರ ವಿಕ್ಟೋರಿಯಾ ರೂಪಾಯಿ ಟ್ಯೂಬ್‌ಲೈಟ್ ಬೆಳಕಿಗೆ ಹೊಸ ಸ್ಟೀಲ್ ಲೋಟದ ಹಾಗೆ ಫಳಫಳ ಅಂತಿತ್ತು.

"ಯುಎನ್‌ಸಿ ಸಾರ್. ಕೈ ಕೂಡ ಸೋಕಿಲ್ಲ" ಅಂದ ವ್ಯಾಪಾರಿ.

ಜೇಬಿನಿಂದ ಭೂತಗನ್ನಡಿ ತೆಗೆದೆ. ರಾಣಿಯ ಕೆನ್ನೆ ತುಂಬ ಕೂದಲೆಳೆಯಂಥ ಗೀರು, ಎಲ್ಲವೂ ಒಂದೇ ದಿಕ್ಕಿಗೆ. ಅಕ್ಷರಗಳ ಸಂದಿಯಲ್ಲಿ ಮಾತ್ರ ಹಳೇ ಕಪ್ಪು ಉಳಿದಿದೆ. ಕಿರೀಟದ ಕೆಳಗೆ ಬಿಡಿಬಿಡಿಯಾಗಿ ಕಾಣಬೇಕಿದ್ದ ಕೂದಲು ಸವೆದು ಒಂದೇ ಮುದ್ದೆ ಆಗಿದೆ. "ಇದನ್ನ ತಿಕ್ಕಿದ್ದೀರಲ್ವಾ?" ಅಂದೆ. ಆತ ಒಂಚೂರೂ ಮುಜುಗರಪಡದೆ ಹೇಳಿದ: "ತಿಕ್ಕದೇ ಇದ್ರೆ ಯಾರ್ ತಗೋತಾರೆ ಸಾರ್?"

ಆ ಮಾತು ಇನ್ನೂ ಚುಚ್ತಾ ಇದೆ. ಯಾಕಂದ್ರೆ ಆತ ಹೇಳಿದ್ದು ನಿಜ. ಅವನನ್ನು ಬೈಯೋಕೆ ಅಂತ ಬರೆಯೋಕೆ ಕೂತೆ, ಆದರೆ ಬೈಸಿಕೊಳ್ಳಬೇಕಾದವರು ನಾವು, ಸಂಗ್ರಾಹಕರು ಅಂತ ಎದೆ ತಟ್ಟಿಕೊಳ್ಳೋರು. ಬೆಳ್ಳಗಿದ್ದರೆ ಸಾವಿರ ಜಾಸ್ತಿ ಕೊಡ್ತೀವಿ, ಬೂದು ಬಣ್ಣಕ್ಕೆ ತಿರುಗಿದ್ದನ್ನು ಮೂಗು ಮುರಿದು ಪಕ್ಕಕ್ಕೆ ಇಡ್ತೀವಿ. ವ್ಯಾಪಾರಿ ಇನ್ನೇನು ಮಾಡಬೇಕು?

ಅಲ್ಲಾ ಸ್ವಾಮಿ, ಯುಎನ್‌ಸಿ ಅಂದರೆ ಅನ್‌ಸರ್ಕ್ಯುಲೇಟೆಡ್. ಟಂಕಸಾಲೆಯಿಂದ ಹೊರಬಿದ್ದ ಮೇಲೆ ಕೈಯಿಂದ ಕೈಗೆ ಓಡಾಡದೇ ಇದ್ದದ್ದು. ಅಲ್ಲಿ ನೋಡೋದು ಸವೆತ, ಹೊಳಪಲ್ಲ. ಅಮೆರಿಕದ ಶೆಲ್ಡನ್ 1949ರಲ್ಲಿ ಅಲ್ಲಿಯ ಹಳೇ ದೊಡ್ಡ ಸೆಂಟ್ ನಾಣ್ಯಗಳಿಗೆ ಅಂತ 1ರಿಂದ 70ರವರೆಗಿನ ಅಳತೆ ಮಾಡಿದ. ಇವತ್ತು ಜಗತ್ತಿನ ತುಂಬ ಅದೇ ನಡೀತಿದೆ. ಅದರಲ್ಲಿ 60 ಮತ್ತು ಅದಕ್ಕಿಂತ ಮೇಲಿನದ್ದು ಮಾತ್ರ ಯುಎನ್‌ಸಿ. ನೂರು ವರ್ಷ ಡ್ರಾಯರಿನಲ್ಲಿ ಕೂತು ಕಪ್ಪಾದ ನಾಣ್ಯ ಯುಎನ್‌ಸಿ ಆಗಿರಬಹುದು. ಸಂತೆ ಸುತ್ತಿ ಸವೆದದ್ದನ್ನು ಎಷ್ಟು ತೊಳೆದರೂ ಆಗಲ್ಲ. ಪಿಸಿಜಿಎಸ್, ಎನ್‌ಜಿಸಿ ಅವರ ಹತ್ತಿರ ತಿಕ್ಕಿದ ನಾಣ್ಯ ಕಳಿಸಿ ನೋಡಿ. ನಂಬರ್ ಕೊಡಲ್ಲ, 'ಡೀಟೇಲ್ಸ್' ಅಂತ ಬರೆದು, ಕ್ಲೀನ್ ಮಾಡಿದ್ದು ಅಂತ ಸೇರಿಸಿ ಡಬ್ಬಿಯಲ್ಲಿ ಹಾಕಿ ವಾಪಸ್ ಕಳಿಸ್ತಾರೆ. ಅಲ್ಲಿಗೆ ಬೆಲೆ ಬಿತ್ತು.

ಅಸಲಿ ಹೊಳಪೇ ಬೇರೆ. ಅಚ್ಚು ಬಿದ್ದಾಗ ಲೋಹ ಹರಿದು, ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳು ಮೂಡುತ್ತವೆ. ನಾಣ್ಯ ಓಲಾಡಿಸಿದರೆ ಬೆಳಕು ಅದರ ಮೇಲೆ ಗಾಡಿ ಚಕ್ರದ ಅರಗಳ ಹಾಗೆ ತಿರುಗುತ್ತೆ. ತಿಕ್ಕಿದರೆ ಆ ಗೆರೆಗಳು ಸತ್ತವು. ರಾಸಾಯನಿಕದಲ್ಲಿ ಅದ್ದಿದರೂ ಅದೇ ಕಥೆ: ಬೆಳ್ಳಿಯ ಮೇಲಿನ ಕಪ್ಪು ಅಂದರೆ ಗಂಧಕದ ಜೊತೆ ಸೇರಿದ ಬೆಳ್ಳಿಯೇ. ಕಪ್ಪು ಹೋಯಿತು ಅಂದರೆ ಅಷ್ಟು ಬೆಳ್ಳಿಯೂ ಹೋಯಿತು. ತೂಕಕ್ಕೆ ಹಾಕಿದರೆ ಗೊತ್ತೇ ಆಗಲ್ಲ, ಅದೇ 11.66 ಗ್ರಾಂ ಹತ್ತಿರ ತೋರಿಸುತ್ತೆ. ಕಣ್ಣಿಗೆ ಮಾತ್ರ ಗೊತ್ತಾಗುತ್ತೆ.

ಇನ್ನೊಂದು ಮಾತು. 1862 ಅಂತ ಇರೋ ರೂಪಾಯಿಗಳೆಲ್ಲ 1862ರಲ್ಲಿ ಅಚ್ಚಾದವಲ್ಲ. ಅದೇ ಇಸವಿ ಇಟ್ಟುಕೊಂಡು 1874ರವರೆಗೂ ಹೊಡೆದರು. ಅವುಗಳನ್ನು ಬೇರೆ ಬೇರೆ ಮಾಡಿ ಗುರುತಿಸೋಕೆ ನಮಗಿರೋ ಆಧಾರ ಎಂದರೆ ಇಸವಿಯ ಆಸುಪಾಸಿನ ಸಾಸಿವೆಗಿಂತ ಸಣ್ಣ ಚುಕ್ಕಿಗಳು. ಆ ಮಹಾನುಭಾವ ಬಟ್ಟೆಗೆ ಪೌಡರ್ ಹಾಕಿ ಉಜ್ಜಿದನಲ್ಲ, ಎಷ್ಟು ಚುಕ್ಕಿ ಉಳಿದಿದ್ದಾವು?

ಇಷ್ಟೆಲ್ಲ ಬೈಯೋ ನಾನೇನು ಸಾಚಾ ಅಲ್ಲ. ಏಳನೇ ಕ್ಲಾಸಲ್ಲಿದ್ದಾಗ ತಾತ ಒಂದು ಟಿಪ್ಪು ಕಾಲದ ತಾಮ್ರದ ಕಾಸು ಕೊಟ್ಟಿದ್ದರು, ಹೊಲ ಉಳುವಾಗ ಸಿಕ್ಕಿದ್ದು. ಒಂದು ಕಡೆ ಆನೆ, ಇನ್ನೊಂದು ಕಡೆ ಪಟ್ಟಣ, ಅಂದರೆ ಶ್ರೀರಂಗಪಟ್ಟಣ ಟಂಕಸಾಲೆಯ ಹೆಸರು. ಕಡುಗಂದು ಬಣ್ಣಕ್ಕೆ ತಿರುಗಿ ಸೊಗಸಾಗಿತ್ತು. ನನಗೆ ಸೊಗಸು ಎಲ್ಲಿ ಗೊತ್ತಾಗಬೇಕು! ಅಡುಗೆಮನೆಗೆ ಹೋಗಿ ಹುಣಸೆಹಣ್ಣು, ಉಪ್ಪು ಹಾಕಿ ಚೊಂಬು ಬೆಳಗೋ ಹಾಗೆ ಬೆಳಗಿದೆ. ಕೆಂಪಗೆ ಮಿರಮಿರ ಮಿಂಚಿತು. ಓಡಿ ಹೋಗಿ ತೋರಿಸಿದೆ. ತಾತ ಹಿಂದೆ ಮುಂದೆ ತಿರುಗಿಸಿ ನೋಡಿ, "ಅಂಕಿ ಎಲ್ಲೋಯ್ತೋ ಮಗಾ?" ಅಂದರು. ಟಿಪ್ಪು ಮೌಲೂದಿ ಲೆಕ್ಕ ತಂದ ಮೇಲೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ ಅಂತ ಓದಿದ್ದು ಎಷ್ಟೋ ವರ್ಷದ ಮೇಲೆ. ಓದಿದ ದಿನವೇ ಆ ಕಾಸು ಹುಡುಕಿ ತೆಗೆದೆ. ಯಾವ ಕಡೆಯಿಂದ ಓದೋಕೂ ಏನೂ ಉಳಿದಿರಲಿಲ್ಲ.

ಹಾಗಂತ ಅಮ್ಮನ ಜೊತೆ ಜಗಳಕ್ಕೆ ಇಳಿಯಬೇಡಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದ ಬೆಳ್ಳಿ ರೂಪಾಯಿಯನ್ನು ಅವರು ಹಲ್ಲುಪುಡಿಯಲ್ಲಿ ಬೆಳಗಲಿ, ಅದು ದೇವರ ದುಡ್ಡು, ಅದಕ್ಕೆ ಗ್ರೇಡು ಯಾಕೆ. ನನ್ನ ತಕರಾರು ಯುಎನ್‌ಸಿ ಅಂತ ಚೀಟಿ ಅಂಟಿಸಿ ಮಾರೋದರ ಬಗ್ಗೆ.

"ಮಣ್ಣು, ಜಿಡ್ಡು ಇದ್ದರೂ ಮುಟ್ಟಬಾರದಾ?" ಅಂತ ಕೇಳ್ತೀರಿ. ಮಣ್ಣಿದ್ದರೆ ಡಿಸ್ಟಿಲ್ಡ್ ವಾಟರಿನಲ್ಲಿ ದಿನಗಟ್ಟಲೆ ನೆನೆಹಾಕಿ. ಪ್ಲಾಸ್ಟಿಕ್ ಆಲ್ಬಮ್ಮಿನ ಪಿವಿಸಿಯಿಂದ ಬರೋ ಹಸಿರು ಅಂಟಿಗೆ ಶುದ್ಧ ಅಸಿಟೋನ್ ಸಾಕು (ಕಿಟಕಿ ತೆಗೆದಿಡಿ, ಒಲೆ ಹತ್ತಿರ ಬೇಡ). ಆಮೇಲೆ ಮೆತ್ತಗಿನ ಬಟ್ಟೆಯಲ್ಲಿ ಒತ್ತಿ ಒಣಗಿಸಿ, ಉಜ್ಜಬೇಡಿ. ತಾಮ್ರದ ಮೇಲೆ ಗಟ್ಟಿಯಾಗಿ ಕೂತ ಕಿಲುಬು ಇದ್ದರೆ ಇರಲಿ ಬಿಡಿ. ಪುಡಿಪುಡಿಯಾಗಿ ಉದುರೋ ತಿಳಿಹಸಿರು ಮಾತ್ರ ರೋಗ, ಅದು ಒಳಗೊಳಗೇ ತಿನ್ನುತ್ತೆ. ಅಂಥದ್ದನ್ನು ಬೇರೆ ನಾಣ್ಯಗಳಿಂದ ದೂರ ಒಣ ಜಾಗದಲ್ಲಿಟ್ಟು, ತಿಳಿದವರಿಗೆ ತೋರಿಸಿ.

ಮುಂದಿನ ಸಲ ಯಾರಾದರೂ ಯುಎನ್‌ಸಿ ಅಂದರೆ ಒಂದು ಕೆಲಸ ಮಾಡಿ. "ತೊಳೆದಿಲ್ಲ, ತಿಕ್ಕಿಲ್ಲ ಅಂತ ಬಿಲ್ಲಿನ ಮೇಲೆ ಬರೆದು ಸೈನ್ ಹಾಕಿಕೊಡಿ" ಅನ್ನಿ. ನಾನು ಆವತ್ತು ಹಾಗೇ ಅಂದೆ. ಆತ ನಕ್ಕು ನಾಣ್ಯ ವಾಪಸ್ ಇಸ್ಕೊಂಡ. ನಾನು ಟೀ ಕುಡಿದು ಬರೋ ಹೊತ್ತಿಗೆ ಅದು ಬೇರೆ ಯಾರಿಗೋ ಮಾರಿಹೋಗಿತ್ತು.